ಬುಧನ ದಾರಿಯಲ್ಲಿ ನನ್ನ ಮಂಡಿ

ಮಂಡಿ ಸವೆದವರಿಗೆ ಮೆಟ್ಟಿಲು ಹತ್ತುವುದೇ ಕಷ್ಟ ಎಂದು ಮಂಡಿ ಗಟ್ಟಿಯಿರುವವರು ತಿಳಿದಿದ್ದಾರೆ. ಸುಳ್ಳು. ಹತ್ತುವುದು ಹೇಗೋ ಆಗುತ್ತದೆ, ಇಳಿಯುವುದು ಕಷ್ಟ. ಇಳಿಜಾರು ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ನಿಲ್ಲುವುದು ನಮ್ಮ ಕೈಲಿರುವುದಿಲ್ಲ. ಇದನ್ನು ಜಯನಗರದ ಮೂಳೆ ಡಾಕ್ಟರಿಗೆ ಹೇಳಿದೆ. "ಹಾಗಾದ್ರೆ ಹತ್ತಲೇಬೇಡಿ ಅಜ್ಜಿ" ಎಂದ. ಅಷ್ಟು ಓದಿದವನು ಇನ್ನೇನು ಹೇಳಿಯಾನು! ಪಕ್ಕದಲ್ಲೇ ಸೊಸೆ ಸುಜಾತ ಕೂತಿದ್ದಳು. ಅಂದಿನಿಂದ ಹನುಮಂತನಗರದ ಗುಡ್ಡದ ದೇವಸ್ಥಾನ ನನಗೆ ಬಂದ್.

ನಾನು ಬಿಡಲಿಲ್ಲ. ಮೊಮ್ಮಗಳು ಮೇಘನಾಗೆ ಲೆಕ್ಕ ತಲೆಗೆ ಹತ್ತುವುದಿಲ್ಲ, ನಾಲ್ಕು ಜನರ ಮುಂದೆ ಬಾಯಿಯೂ ಬಿಡುವುದಿಲ್ಲ. ಲೆಕ್ಕ, ಮಾತು ಎರಡನ್ನೂ ಕೊಡುವ ಬುಧ ಜಾತಕದಲ್ಲಿ ಸರಿಯಿಲ್ಲ ಎಂದಿದ್ದರು ಜೋಯಿಸರು. ಬುಧವಾರ ಸೊಸೆ ಆಫೀಸಿಗೆ ಹೋದದ್ದೇ ಬುಧನಿಗೆಂದು ಹೆಸರುಕಾಳು ಸೆರಗಿಗೆ ಕಟ್ಟಿಕೊಂಡು ಹೋಗಿ, ನವಗ್ರಹ ಸುತ್ತಿ, ಅವಳು ಬರುವಷ್ಟರಲ್ಲಿ ಏನೂ ಅರಿಯದವಳ ಹಾಗೆ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದೆ. ಗುಟ್ಟು ಗೊತ್ತಿದ್ದದ್ದು ಮೇಘನಾಗೆ ಮಾತ್ರ.

ಸ್ಕೂಲಿನ ವಿಜ್ಞಾನ ಪ್ರದರ್ಶನದಲ್ಲಿ ಆ ಹುಡುಗಿಗೆ ಸಿಕ್ಕಿದವನೂ ಬುಧನೇ. ಮನುಷ್ಯರಿಲ್ಲದ ಯಂತ್ರವೊಂದು ಅವನ ಹತ್ತಿರ ಹೋದದ್ದನ್ನು ಜನರಿಗೆ ವಿವರಿಸಬೇಕಂತೆ. ರಟ್ಟಿನ ಯಂತ್ರ ಹಿಡಿದು, ಅದನ್ನು ಶುಕ್ರನ ಪಕ್ಕ ಹಾಯಿಸಿ ಬುಧನ ಕಡೆ ಒಯ್ಯುತ್ತಾ ನನ್ನ ಮುಂದೆ ಅಭ್ಯಾಸಕ್ಕೆ ನಿಂತಳು.

"ಅಷ್ಟು ಬಿಸಿಲಲ್ಲಿ ಅದು ಸುಟ್ಟು ಹೋಗಲ್ವೇನೇ?"

"ಛತ್ರಿ ಥರ ಒಂದು ಮರೆ ಇರುತ್ತೆ ಅಜ್ಜಿ. ಯಾವಾಗ್ಲೂ ಸೂರ್ಯನ ಕಡೆಗೇ ಹಿಡ್ಕೊಂಡಿರುತ್ತೆ."

"ನೇರ ಹೋಗೋದು ಬಿಟ್ಟು ಶುಕ್ರನ್ನ ಯಾಕೆ ಬಳಸ್ಕೊಂಡು ಹೋಗುತ್ತೆ? ಮಡಿವಾಳಕ್ಕೆ ಅಂದ್ರೆ ಆಟೋದವನು ಜೆ.ಪಿ. ನಗರ ತೋರಿಸ್ದಂಗೆ!"

"ಸೂರ್ಯ ಎಳೀತಾನೆ ಅಜ್ಜಿ. ನೇರ ಹೋದ್ರೆ ಸ್ಪೀಡ್ ಜಾಸ್ತಿಯಾಗಿ ಬುಧನ ಹತ್ರ ನಿಲ್ಲೋಕೇ ಆಗಲ್ಲ. ಗ್ರಹಗಳ ಪಕ್ಕ ಹಾದು ಹಾದು ಸ್ಪೀಡ್ ಇಳಿಸ್ಕೊಳ್ಳುತ್ತೆ."

"ಅಷ್ಟೇನಾ! ನಾನು ಗುಡ್ಡ ಇಳಿಯೋವಾಗ ಒಂದೊಂದು ಕಂಬ ಹಿಡ್ಕೊಂಡು ಬರಲ್ವಾ, ಹಂಗೆ."

ಹುಡುಗಿಯ ಮುಖ ಅರಳಿತು.

ಪ್ರದರ್ಶನಕ್ಕೆ ಸೊಸೆಯೂ ನಾನೂ ಹೋದೆವು. ಬಹುಮಾನ ಕೊಡಲು ಬಂದಿದ್ದ ಮೇಡಂ ಕೇಳಿದ್ದೂ ಅದನ್ನೇ, ನೇರವಾಗಿ ಯಾಕೆ ಹೋಗಲ್ಲ ಎಂದು. ಮೇಘನಾ ನೆಲ ನೋಡತೊಡಗಿದಳು. ಇವತ್ತು ಸುಮ್ಮನಾದರೆ ಈ ಹುಡುಗಿ ಇನ್ನು ಯಾವತ್ತೂ ಬಾಯಿ ಬಿಡುವುದಿಲ್ಲ ಎನ್ನಿಸಿತು. ಹಿಂದೆಮುಂದೆ ನೋಡದೆ ಸೊಸೆಯ ಪಕ್ಕದಿಂದಲೇ ನನ್ನ ಮಂಡಿ ತಟ್ಟಿ ಸನ್ನೆ ಮಾಡಿದೆ.

"ನಮ್ಮಜ್ಜಿ ಬುಧವಾರ ಬುಧವಾರ ಗುಡ್ಡ ಇಳೀತಾರಲ್ಲ ಮೇಡಂ, ಹಂಗೆ!" ಎಂದಳು ನೋಡಿ. ಆಮೇಲೆ ನಿಲ್ಲಿಸಿದರೂ ನಿಲ್ಲಲಿಲ್ಲ. ಕಂಬ ಹೇಳಿದಳು, ಹೆಸರುಕಾಳು ಹೇಳಿದಳು, "ಅಮ್ಮ ಬರೋಷ್ಟರಲ್ಲಿ ಸೊಪ್ಪು ಮುಂದೆ ಹಾಕ್ಕೊಂಡು ಕೂತಿರ್ತಾರೆ" ಎಂದೂ ಹೇಳಿದಳು. ಎಲ್ಲರೂ ನಗುತ್ತಾ ಚಪ್ಪಾಳೆ ತಟ್ಟಿದರು. ಸುಜಾತ ತಟ್ಟಲಿಲ್ಲ.

"ಅತ್ತೆ, ಪ್ರತಿ ಬುಧವಾರಾನಾ?"

"ಮಗು ಚೆನ್ನಾಗಿ ಹೇಳಿದ್ಲು ಅಲ್ವಾ?" ಎಂದೆ.

ಈಗ ಬುಧವಾರ ಬೆಳಿಗ್ಗೆ ಸೊಸೆಯೇ ಕರೆದುಕೊಂಡು ಹೋಗುತ್ತಾಳೆ. ಮೊಣಕೈ ಹಿಡಿದು, ಮೆಟ್ಟಿಲಿಗೊಂದು ಬೈಗುಳ ಬೈದು ಇಳಿಸುತ್ತಾಳೆ. ಕಂಬಗಳು ಬೈಯುತ್ತಿರಲಿಲ್ಲ ಅನ್ನುವುದು ಬಿಟ್ಟರೆ ಇದೇ ಸುಖ. ಮೇಘನಾಗೆ ಲೆಕ್ಕ ಇನ್ನೂ ಬಂದಿಲ್ಲ. ಬಾಯಿ ಮಾತ್ರ ಚೆನ್ನಾಗಿ ಬಂದಿದೆ. ಮೊನ್ನೆ ನಾನು ಸಕ್ಕರೆ ಡಬ್ಬಿಗೆ ಕೈ ಹಾಕಿದ್ದೂ ಅವರಮ್ಮನಿಗೆ ವರದಿಯಾಯಿತು. ಹೋದ ಬುಧವಾರ ಬುಧನ ಮುಂದೆ ಹೆಸರುಕಾಳು ಇಟ್ಟು, ಕೊಟ್ಟಿದ್ದು ಸಾಕಪ್ಪಾ, ಸ್ವಲ್ಪ ವಾಪಸ್ ತಗೋ ಎಂದು ಬೇಡಿಕೊಂಡು ಬಂದೆ.