ಖಳನಾಯಕನ ಪಾಲಿನ ದಾಸವಾಳ

ಸಿನಿಮಾ ನೋಡಿ ಬಂದವರು ಬಾಯಿ ಮುಚ್ಚಿಕೊಂಡಿರಬೇಕು ಎಂದು ಯಾರಾದರೂ ಮೊದಲೇ ಹೇಳಿದ್ದರೆ, ವಿದ್ಯಾರಣ್ಯಪುರದಲ್ಲಿ ನನ್ನ ಮಾನ ಉಳಿಯುತ್ತಿತ್ತು.

ಕಾಲೇಜಿಗೆ ಹೋಗುವ ಮೊಮ್ಮಗಳು ಸ್ನೇಹಾ ಭಾನುವಾರ ನನ್ನನ್ನೂ ನನ್ನ ಹೆಂಡತಿ ದ್ರೌಪದಮ್ಮನನ್ನೂ ಯಲಹಂಕದ ಮಾಲಿಗೆ ಕರೆದೊಯ್ದು ಸೂಪರ್‌ಹೀರೋ ಚಿತ್ರವೊಂದನ್ನು ತೋರಿಸಿದಳು. ಬಿಗಿ ಉಡುಪಿನ ನಾಯಕ ಆಕಾಶದಲ್ಲೆಲ್ಲ ಹಾರಾಡಿ, ಅರ್ಧ ಊರನ್ನು ತಾನೇ ಕೆಡವಿ, ಕೊನೆಗೆ ಖಳನಾಯಕನನ್ನು ಸಮುದ್ರಕ್ಕೆ ಎಸೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿವೃತ್ತ ಮೇಷ್ಟ್ರಾದ ನನಗೆ ಮಾತ್ರ ಸಂಕಟವಾಯಿತು. ಜಗಳವಾಡಿದ ಇಬ್ಬರು ಹುಡುಗರಲ್ಲಿ ಒಬ್ಬನನ್ನಷ್ಟೇ ವಿಚಾರಿಸಿ ಇನ್ನೊಬ್ಬನ ಕಿವಿ ಹಿಂಡುವುದುಂಟೆ?

“ಆ ವಿಲನ್‌ನ ಯಾರಾದ್ರೂ ‘ಏನಪ್ಪಾ ನಿನ್ನ ಕಷ್ಟ’ ಅಂತ ಕೇಳಿದ್ರಾ? ಅವನ ಕಡೆಯಿಂದಲೂ ಕಥೆ ಹೇಳ್ಬೇಕು. ಆಗಲೇ ಹೀರೋ ಎಂಥವನು ಅಂತ ಗೊತ್ತಾಗೋದು,” ಎಂದೆ ಬಸ್ಸಿನಲ್ಲಿ.

“ಸೂಪರ್ ತಾತ! ನೀವೇ ಡೈರೆಕ್ಷನ್ ಮಾಡ್ಬಿಡಿ,” ಎಂದಳು ಸ್ನೇಹಾ.

“ಮೊದ್ಲು ನಮ್ಮನೆ ವಿಲನ್‌ನ ಹಿಡೀರಿ. ಆಮೇಲೆ ಅವನ ಕಷ್ಟಸುಖ ಕೇಳೋರಂತೆ,” ಎಂದಳು ದ್ರೌಪದಮ್ಮ.

ನಮ್ಮನೆಯ ವಿಲನ್ ಎಂದರೆ ಹೂಗಳ್ಳ. ದ್ರೌಪದಮ್ಮ ಮಕ್ಕಳಂತೆ ಸಾಕಿದ ಕೆಂಪು ದಾಸವಾಳ, ನಂದಿಬಟ್ಟಲುಗಳನ್ನು ಹಾಲಿನವನು ಬರುವ ಮೊದಲೇ ಯಾರೋ ಬೋಳಿಸಿಬಿಡುತ್ತಿದ್ದರು. ಹೂವಿಲ್ಲದೆ ಪೂಜೆಯಿಲ್ಲ, ಪೂಜೆಯಾಗದೆ ನನಗೆ ಕಾಫಿಯಿಲ್ಲ. ಹೀಗಾಗಿ ಬೆಳಗಿನ ವಾಕಿಂಗಿನಲ್ಲಿ ದಾರಿಯಲ್ಲಿ ‘ಸಿಕ್ಕಿದ’ ನಾಲ್ಕು ಹೂ ತರುವ ಹೊಣೆ ನನ್ನದಾಗಿತ್ತು. (ಕಾಂಪೌಂಡಿನಿಂದ ಹೊರಕ್ಕೆ ಚಾಚಿದ ಕೊಂಬೆ ಸಾರ್ವಜನಿಕರ ಸ್ವತ್ತು ಎಂಬುದು ನಮ್ಮ ವಾಕಿಂಗ್ ಸಮಾಜದ ಅಲಿಖಿತ ಸಂವಿಧಾನ.)

ಮರುದಿನ ವಾಕಿಂಗ್ ಬಿಟ್ಟು ಇಬ್ಬರೂ ಬಾಗಿಲ ಹಿಂದೆ ಹೊಂಚುಹಾಕಿದೆವು. ಬೆಳಕು ಹರಿಯುವ ಹೊತ್ತಿಗೆ ಸ್ವೆಟರ್ ತೊಟ್ಟ ಹಿರಿಯರೊಬ್ಬರು ಬಂದು, ಕೊಡೆಯ ಹಿಡಿಯಿಂದ ಕೊಂಬೆ ಬಗ್ಗಿಸಿ, ಪ್ಲಾಸ್ಟಿಕ್ ಕವರಿಗೆ ಹೂ ತುಂಬತೊಡಗಿದರು.

“ಹೋಗ್ರೀ, ಹಿಡ್ಕೊಳ್ರೀ!” ದ್ರೌಪದಮ್ಮ ನನ್ನನ್ನು ರಣರಂಗಕ್ಕೆ ದೂಡಿದಳು.

“ಸ್ವಾಮೀ, ಹೆದರ್ಬೇಡಿ,” ಎಂದೆ ಗಂಭೀರವಾಗಿ. “ನಿಮ್ಮ ಕಡೆಯ ಕಥೆ ಕೇಳದೆ ಈ ಮನೇಲಿ ತೀರ್ಪು ಕೊಡೋದಿಲ್ಲ. ಒಳಗೆ ಬನ್ನಿ.”

ಬಂದವರು ತಮ್ಮ ಹೆಸರು ವೀರಬಸಪ್ಪ ಎಂದರು; ನಾನು ಮೇಷ್ಟ್ರೆಂದು ಗೇಟಿನ ಫಲಕದಲ್ಲೇ ಓದಿಕೊಂಡಿದ್ದರು. ಕವರನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ಅಂಚಿನಲ್ಲಿ ಕುಳಿತರು.

“ಏನ್ ಹೇಳ್ಲಿ ಮೇಷ್ಟ್ರೇ, ನಮ್ಮನೇಲೂ ಗಿಡ ಇದೆ. ದಿನಾ ಬೆಳಿಗ್ಗೆ ಯಾವನೋ ಪುಣ್ಯಾತ್ಮ ಬಂದು ಮೊಗ್ಗೂ ಬಿಡದೆ ಕಿತ್ಕೊಂಡು ಹೋಗ್ತಾನೆ. ಹೂವಿಲ್ಲ ಅಂದ್ರೆ ನಮ್ಮನೆಯವಳು ತಿಂಡಿ ಕೊಡಲ್ಲ. ನಾನೇನ್ ಮಾಡ್ಲಿ?”

ದ್ರೌಪದಮ್ಮನ ಕಣ್ಣು ಒದ್ದೆಯಾಯಿತು. “ಅಯ್ಯೋ ಪಾಪ! ಮೊಗ್ಗೂ ಬಿಡಲ್ವಾ? ಎಂಥಾ ರಾಕ್ಷಸ ಇರ್ಬೇಕು! ಅವನನ್ನ ನೋಡಿದ್ದೀರಾ?”

“ನಮ್ಮನೆಯವಳು ಕಿಟಕೀಲಿ ನೋಡಿದ್ದಾಳೆ, ಕೂಗೋಷ್ಟ್ರಲ್ಲಿ ಮಾಯ. ಮಂಕಿ ಕ್ಯಾಪು, ಹಳದಿ ಬಟ್ಟೆ ಚೀಲ. ಶ್ಲೋಕ ಬೇರೆ ಹೇಳ್ಕೊಂಡು ಕೀಳ್ತಾನಂತಮ್ಮ!”

“ನಿಮ್ಮ ಮನೆ ಎಲ್ಲಿ?” ಎಂದೆ.

“ನಾಲ್ಕನೇ ಕ್ರಾಸು ಮೂಲೆಮನೆ. ಹಸಿರು ಗೇಟು, ಬಿಳಿ ದಾಸವಾಳ.”

ದ್ರೌಪದಮ್ಮ ಮೊದಲು ಬಾಗಿಲ ಬಳಿ ನೇತಾಡುತ್ತಿದ್ದ ಹಳದಿ ಚೀಲ ನೋಡಿದಳು. ಆಮೇಲೆ ದೇವರ ಪಟಗಳ ಮೇಲೆ ನಿನ್ನೆ ನಾನು ತಂದಿದ್ದ ಬಿಳಿ ದಾಸವಾಳ. ಕೊನೆಗೆ ನನ್ನನ್ನು.

“ಏನ್ರೀ ಇದು?”

“ನನ್ನ ಕಡೆಯಿಂದಲೂ ಒಂದು ಕಥೆ ಇದೆ…”

“ಯಾರಿಗೋಸ್ಕರ ಕದ್ರಿ?”

“ನಿನಗೋಸ್ಕರ ಕಣೇ. ನಿನ್ನ ದೇವರಿಗೋಸ್ಕರ.”

“ಓಹೋ! ಈಗ ನಾನೂ ದೇವರೂ ನಿಮ್ಮ ಗ್ಯಾಂಗಾ?”

ಗಲಾಟೆಗೆ ಎದ್ದು ಬಂದ ಸ್ನೇಹಾ ನಕ್ಕೂ ನಕ್ಕೂ ಗೋಡೆಗೆ ಒರಗಿದಳು. “ತಾತ, ನೀವು ಹೇಳಿದ್ದು ಕರೆಕ್ಟು. ವಿಲನ್ ಕಥೆ ಕೇಳಿದ್ಮೇಲೇ ಹೀರೋ ಎಂಥವ್ನು ಅಂತ ಗೊತ್ತಾಗೋದು!”

ದ್ರೌಪದಮ್ಮ ನನ್ನ ಪಾಲಿನ ಕಾಫಿಯನ್ನು ವೀರಬಸಪ್ಪನವರಿಗೆ ಕೊಟ್ಟಳು. ಬಿಳಿ ದಾಸವಾಳಗಳನ್ನು ಪ್ರಸಾದವೆಂದು ಕೈಗಿತ್ತಳು. “ನಮ್ಮನೆ ಹೂವು ನಮಗೇ ಪ್ರಸಾದವಾಗಿ ಬಂತು,” ಎಂದು ಅವರು ಕಣ್ಣಿಗೊತ್ತಿಕೊಂಡರು. ಇನ್ನು ಮೇಲೆ ಎರಡೂ ಮನೆಯವರು ಕೇಳಿ, ಕೊಟ್ಟು, ಪಡೆಯುವುದೆಂದು ತೀರ್ಮಾನವಾಯಿತು.

ವೀರಬಸಪ್ಪನವರ ಮನೆಯಾಕೆ ಬಹಳ ಮಾತುಗಾತಿ. ಸಂಜೆಯೊಳಗೆ ಸುದ್ದಿ ಎಲ್ಲ ಕ್ರಾಸುಗಳಿಗೂ ಮುಟ್ಟಿತು. ಈಗ ನಾನು ವಾಕಿಂಗಿಗೆ ಹೊರಟರೆ ಮನೆಮನೆಯಿಂದಲೂ ಹೆಂಗಸರು ಹೊರಬಂದು, ತಮ್ಮ ತಮ್ಮ ಹೂಗಿಡಕ್ಕೆ ಅಡ್ಡವಾಗಿ ನಿಂತು, ಕೈಮುಗಿದು “ನಮಸ್ಕಾರ ಮೇಷ್ಟ್ರೇ” ಎನ್ನುತ್ತಾರೆ. ನಾನು ತಿರುವು ದಾಟುವವರೆಗೆ ಒಬ್ಬರೂ ಕದಲುವುದಿಲ್ಲ. ಪಾಠ ಹೇಳುತ್ತಿದ್ದ ಕಾಲದಲ್ಲೂ ನನಗೆ ಇಷ್ಟು ಗೌರವ ಸಿಕ್ಕಿರಲಿಲ್ಲ.