ಬಿಸಿಲಿಗೆ ಬಂದರೆ ಬರುವ ಸೀನು

ಹೆತ್ತವರಿಂದ ಬಂದದ್ದನ್ನೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳಲು ಆಗುವುದಿಲ್ಲ. ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಬೊಕ್ಕತಲೆ. ನನಗೆ ಅಪ್ಪನಿಂದ ಬಂದದ್ದು ಸೀನು. ನೆಗಡಿಯ ಸೀನಲ್ಲ, ನೆರಳಿನಿಂದ ಬಿಸಿಲಿಗೆ ಕಾಲಿಟ್ಟ ಕೂಡಲೇ ಒಂದೇ ಒಂದು, ತಗಡಿನ ಮೇಲೆ ಕಲ್ಲು ಬಿದ್ದಂಥದ್ದು. ಕೂಡ್ಲಿಗಿಯಂಥ ಬಿಸಿಲೂರಿನಲ್ಲಿ ಇಂಥ ಮೂಗು ಇಟ್ಟುಕೊಂಡು ಬಾಳುವುದು ಸುಲಭವಲ್ಲ. ಒಂಟಿ ಸೀನು ಅಪಶಕುನವೆಂದು ನಂಬಿದ ಓಣಿಯವರು ಎಲ್ಲಿಗಾದರೂ ಹೊರಡುವ ಮುಂಚೆ, ಅಪ್ಪ ಕಟ್ಟೆಯ ಮೇಲಿದ್ದಾನೆಯೇ ಎಂದು ಇಣುಕಿ ನೋಡುತ್ತಿದ್ದರು. ಒಮ್ಮೆ ಕೊಟ್ಟೂರಿಗೆ ಹೊರಟಿದ್ದ ಪಕ್ಕದ ಮನೆಯವರು ಅವನ ಸೀನು ಕೇಳಿ ಒಳಗೆ ಹೋಗಿ, ಚಪ್ಪಲಿ ಬಿಟ್ಟು, ನೀರು ಕುಡಿದು ಮತ್ತೆ ಹೊರಡುವಷ್ಟರಲ್ಲಿ ಬಸ್ಸು ಹೋಗಿತ್ತು. ಬಸ್ಸು ತಪ್ಪಿದ್ದೇ ಸೀನಿನ ಮಹಿಮೆಗೆ ಸಾಕ್ಷಿಯಾಯಿತು.

ನನ್ನ ಮಗಳು ಶೈಲಾಳಿಗೂ ಅದೇ ಮೂಗು. ಹಗರಿಬೊಮ್ಮನಹಳ್ಳಿಯ ಲ್ಯಾಬ್ ಒಂದರಲ್ಲಿ ರಕ್ತ ಪರೀಕ್ಷೆ ಮಾಡುವ ಅವಳು, "ಇದು ರೋಗ ಅಲ್ಲಪ್ಪಾ, ವಂಶದಾಗ ಬರೋ ಗುಣ" ಎಂದು ನನ್ನನ್ನು ಸಮಾಧಾನ ಮಾಡುತ್ತಾಳೆ. ಆದರೆ ಗಂಡಿನ ಕಡೆಯವರಿಗೆ ಅದನ್ನು ಹೇಳುವವರು ಯಾರು?

ಹೋದ ತಿಂಗಳು ಹರಪನಹಳ್ಳಿಯಿಂದ ಅವಳನ್ನು ನೋಡಲು ಬಂದರು. ಹುಡುಗ ಶಾಲೆಯ ಮೇಷ್ಟ್ರು. ಜೊತೆಗೆ ಅವನ ತಾಯಿ ಮತ್ತು ಅಜ್ಜಿ. ಫೋನಿನಲ್ಲಿ ಮಾತಾಡಿಯೇ ಶೈಲಾ ಅವನನ್ನು ಮೆಚ್ಚಿದ್ದಳು. ನನ್ನ ಹೆಂಡತಿ ಬೆಳಿಗ್ಗೆಯೇ ಕಿಟಕಿಗಳಿಗೆಲ್ಲ ಬೆಡ್‌ಶೀಟ್ ಕಟ್ಟಿ, "ನೀವು ಕುರ್ಚಿ ಬಿಟ್ಟು ಏಳಬ್ಯಾಡ್ರಿ" ಎಂದು ನನಗೆ ತಾಕೀತು ಮಾಡಿದಳು. ಮಂಡಕ್ಕಿ, ಮಿರ್ಚಿ, ಚಹಾ ಎಲ್ಲ ಸುಸೂತ್ರವಾಗಿ ಮುಗಿದವು. ಆಗ ಅಜ್ಜಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಎದ್ದರು.

"ಸೆಕಿ ಭಾಳ ಐತಿ. ಹೊರಗ ಬೇವಿನ ಗಿಡದ ಬುಡಕ ಕುಂತು ಮಾತು ಮುಗಸೋಣು ಬರ್ರಿ. ಹುಡುಗೀನೂ ಬೆಳಕಿನ್ಯಾಗ ನೋಡಿದಂಗಾಗ್ತೈತಿ."

ಗಿಡದ ನೆರಳು ತಲುಪಲು ಅಂಗಳದ ಬಿಸಿಲು ದಾಟಬೇಕು. ಶೈಲಾ ಸೆರಗನ್ನು ಮೂಗಿಗೆ ಒತ್ತಿ ಹಿಡಿದರೂ ಸೀನು ಬಂದೇ ಬಂತು. ಎಲ್ಲರೂ ನಿಂತಲ್ಲೇ ನಿಂತರು. ಅಜ್ಜಿಯ ಮುಖ ಗಂಟಾಯಿತು. ನಾನು ಕುರ್ಚಿಯಿಂದ ಹಾರಿ, "ನಿನ್ನಿಯಿಂದ ಆಕಿಗೆ ನೆಗಡಿ ಆಗೈತ್ರಿ" ಎನ್ನುತ್ತ ಅಂಗಳಕ್ಕೆ ಓಡಿದೆ. ಬಿಸಿಲು ಮುಖಕ್ಕೆ ಬಡಿಯಿತು. ನಾನೂ ಸೀನಿದೆ. ಬಾಗಿಲಲ್ಲಿದ್ದ ಹೆಂಡತಿ ಹಣೆ ಹಣೆ ಬಡಿದುಕೊಂಡಳು.

ಅಜ್ಜಿ ಮಾತ್ರ ಎರಡು ಬೆರಳು ಎತ್ತಿದರು. "ಜೋಡಿ ಸೀನು! ಒಂಟಿ ಆಗಿದ್ರ ಎದ್ದು ಹೋಗ್ತಿದ್ವಿ. ಛಲೋ ಆತು ಬಿಡ್ರಿ ಬೀಗರ!"

ಬೀಗರು ಎಂಬ ಆ ಮಾತು ಕಿವಿಗೆ ಬಿದ್ದಾಗ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಆದರೆ ಮಗಳು ಸುಮ್ಮನಿರಬೇಕಲ್ಲ!

"ಅಜ್ಜೀ, ಇದು ಶಕುನಾನೂ ಅಲ್ಲ, ನೆಗಡೀನೂ ಅಲ್ರಿ. ಬಿಸಲಿಗೆ ಬಂದ್ರ ನಮ್ಮಪ್ಪ ಸೀನ್ತಾನ, ನಾನೂ ಸೀನ್ತೀನಿ. ನಾಳೆ ನನ್ನ ಮಕ್ಳಿಗೂ ಬರಬಹುದು."

ಇಳಿದ ಬಂಡೆ ಮತ್ತೆ ಏರಿ ಕುಳಿತಿತು. ಅಷ್ಟರಲ್ಲಿ ಹುಡುಗ ನಕ್ಕುಬಿಟ್ಟ. "ಬರಲಿ ಬಿಡ್ರಿ. ನಮ್ಮ ಮನ್ಯಾಗ ಎಲ್ರೂ ನಿದ್ದ್ಯಾಗ ಮಾತಾಡ್ತೀವಿ. ಅದೂ ಬರ್ತೈತಿ."

ಅಜ್ಜಿಯೂ ನಕ್ಕರು. ಹುಡುಗನ ತಾಯಿ ನನ್ನತ್ತ ತಿರುಗಿ, "ಮತ್ತೇನಾರ ಐತೇನ್ರಿ ನಿಮ್ಮ ವಂಶದಾಗ? ಈಗ ಹೇಳಿಬಿಡ್ರಿ" ಎಂದರು.

"ಏನೂ ಇಲ್ರಿ" ಎಂದೆ, ಎದೆಯುಬ್ಬಿಸಿ.

"ಸುಳ್ಳು ಹೇಳೋದೊಂದು ಐತ್ರಿ" ಎಂದಳು ಹೆಂಡತಿ. "ಪುಣ್ಯಕ್ಕ ಅದು ಮಗಳಿಗೆ ಬಂದಿಲ್ಲ."

ಎಲ್ಲರೂ ನಕ್ಕರು, ಸಂಬಂಧ ಗಟ್ಟಿಯಾಯಿತು. ಅದೂ ಅಪ್ಪನಿಂದಲೇ ಬಂದದ್ದು ಎಂದು ಹೇಳಿ ಪಾರಾಗೋಣವೆಂದು ಬಾಯಿ ತೆರೆದೆ. ಆದರೆ ಪಾಪ, ಅಪ್ಪ ಎಂದೂ ಸುಳ್ಳು ಹೇಳಿದವನಲ್ಲ. ಅದು ಪೂರ್ತಿ ನನ್ನ ಸ್ವಯಾರ್ಜಿತ.