ಫಿಲೋಮಿನಾ, ಊಟಕ್ಕೆ ಬಾರೇ!

ನಾಚಿಕೆಪಡುವ ಪ್ರಸಂಗಗಳು ಬೇರೆಯವರ ಬದುಕಿನಲ್ಲಿ ಆಗೊಮ್ಮೆ ಈಗೊಮ್ಮೆ ಬರುತ್ತವಂತೆ. ನನ್ನ ಬಾಗಿಲಿಗೆ ಅವು ಹಾಲಿನವನ ಹಾಗೆ ದಿನಾ ಬರುತ್ತವೆ. ನಾನು ಮೈಸೂರು ಕಡೆಯವನು. ದಾವಣಗೆರೆಯ ವಿದ್ಯಾನಗರದಲ್ಲಿ ಬಾಡಿಗೆ ಮನೆ, ಹತ್ತಿರದ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ. ಹೆಂಡತಿ ಹರಿಹರದವಳು. ಎರಡನೇ ಮಗಳಿಗೆ ಒಂದು ಹೆಸರು ಹುಡುಕಲು ಹೋಗಿ ದಾವಣಗೆರೆ, ಹರಿಹರ ಎರಡೂ ಊರಿನಲ್ಲಿ ತಲೆ ತಗ್ಗಿಸಿಕೊಂಡು ಓಡಾಡುವ ಗತಿ ನನಗೆ ಬಂತು. ಹೇಳಿಕೊಂಡರೆ ನಾಚಿಕೆ. ಹೇಳದಿದ್ದರೆ ಹೆಂಡತಿ ಹೇಳುತ್ತಾಳೆ, ಅದು ಇನ್ನೂ ನಾಚಿಕೆ.

ಮೊಬೈಲಿನ ಹೀಬ್ರೂ

ನಮ್ಮ ಕ್ರೈಸ್ತ ಮನೆಗಳಲ್ಲಿ ಹೆಸರಿಗೊಂದು ಪದ್ಧತಿ ಇದೆ. ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರು, ಎರಡನೆಯದಕ್ಕೆ ಅಮ್ಮನ ತಾಯಿಯ ಹೆಸರು. ಮೊದಲನೆಯವಳು ಹುಟ್ಟಿದಾಗ ನಾನು ಓದಿದವನಲ್ಲವೇ, ಪದ್ಧತಿಯನ್ನು ಪಕ್ಕಕ್ಕಿಟ್ಟು ಮೊಬೈಲಿನಲ್ಲಿ ಹುಡುಕಿ ‘ಝಿಯೆಲ್’ ಎಂದು ಇಟ್ಟೆ. ನನ್ನ ತಾಯಿ ಈಗಲೂ ಆ ಹೆಸರು ಹಿಡಿದು ಕರೆಯುವುದಿಲ್ಲ, “ನಿನ್ನ ದೊಡ್ಡದು ಹೇಗಿದೆ?” ಎನ್ನುತ್ತಾರೆ.

ದೀಕ್ಷಾಸ್ನಾನದ ದಿನ ಹರಿಹರದ ಚರ್ಚಿನಲ್ಲಿ ಫಾದರ್ ಆ ಹೆಸರು ಕೇಳಿ ಒಂದು ಕ್ಷಣ ನಿಂತರು. “ಹಂಗಂದ್ರೇನಪ್ಪ?”

“ಹೀಬ್ರೂ ಭಾಷೆಯಲ್ಲಿ ಬೆಳಕು ಅಂತ ಫಾದರ್,” ಎಂದೆ ಹೆಮ್ಮೆಯಿಂದ.

ಅವರು ಸೆಮಿನರಿಯಲ್ಲಿ ಹೀಬ್ರೂ ಕಲಿತವರು ಎಂದು ನನಗೆ ಯಾರು ಹೇಳಬೇಕಿತ್ತು? ಅವರು ಮೆಲ್ಲಗೆ, ಆದರೆ ಮೈಕಿನ ಮುಂದೆಯೇ ಅಂದರು: “ನಾನು ಓದಿದ ಹೀಬ್ರೂದಾಗ ಇಲ್ಲಪ್ಪ. ನಿನ್ ಮೊಬೈಲಿನ ಹೀಬ್ರೂ ಬ್ಯಾರೆ ಇರ್ಬೇಕು.” ಆಮೇಲೆ ತಾವೇ ‘ಮರಿಯಾ’ ಎಂದು ಒಂದು ಸೇರಿಸಿ ಮಗುವನ್ನು ಬಚಾವು ಮಾಡಿದರು.

ಒಂದೇ ಸಲ ಕೇಳಿದ್ದು

ಹಾಗಾಗಿ ಎರಡನೆಯವಳು ಹುಟ್ಟಿದಾಗ ಹೆಂಡತಿ ಆಸ್ಪತ್ರೆಯ ಮಂಚದ ಮೇಲಿಂದಲೇ ಆಜ್ಞೆ ಹೊರಡಿಸಿದಳು. “ಈ ಸಲ ಹಳೇ ಕಾಲದ ಹೆಸ್ರೇ ಆಗ್ಬೇಕು. ಸಂತರದ್ದು. ಅಜ್ಜಿ ಥರ ಇದ್ರೂ ಚಿಂತಿಲ್ಲ.”

ಪಕ್ಕದಲ್ಲಿ ಅತ್ತೆ ಮಗುವಿಗೆ ಕುಲಾವಿ ಕಟ್ಟುತ್ತಿದ್ದರು. ಹರಿಹರದಲ್ಲಿ ಎಲ್ಲರೂ ಅವರನ್ನು ಬೇಬಮ್ಮ ಎನ್ನುತ್ತಾರೆ. ನಮ್ಮ ಮದುವೆಯ ಕಾರ್ಡಿನಲ್ಲೂ ‘ಶ್ರೀಮತಿ ಬೇಬಮ್ಮ’ ಎಂದೇ ಅಚ್ಚಾಗಿತ್ತು. ಪದ್ಧತಿ ನೆನಪಾಗಿ ನಾನು ಒಳ್ಳೆಯ ಅಳಿಯನ ಹಾಗೆ ಕೇಳಿದೆ: “ಅತ್ತೆ, ನಿಮ್ಮ ಹೆಸರೇ ಇಡೋಣವಾ?”

“ಬ್ಯಾಡ ಬಿಡ್ರಿ ಅಳಿಯಂದ್ರೇ. ನಂದು ಯಾವ ಕಾಲದ ಹೆಸ್ರು.”

ಬೇಬಮ್ಮ ಎಂಬ ಹೆಸರಿನ ಮಗಳನ್ನು ಸ್ಕೂಲಿಗೆ ಸೇರಿಸುವ ದೃಶ್ಯ ನನ್ನ ಕಣ್ಣ ಮುಂದೆ ಬಂದಿತ್ತು. ಬದುಕಿದೆಯಾ ಬಡಜೀವವೇ ಎಂದುಕೊಂಡು, “ಆಯ್ತು ಬಿಡಿ ಅತ್ತೆ, ನಿಮ್ಮಿಷ್ಟ,” ಅಂದೆ. ಅತ್ತೆ ಕುಲಾವಿಯ ದಾರ ಎಳೆದ ರಭಸಕ್ಕೆ ಮಗು ಅಳಲು ಶುರುಮಾಡಿತು. ನಾನು ಹಸಿವೆ ಇರಬೇಕು ಎಂದೆ.

ಮಾಳಿಗೆಯ ಮೇಲೆ

ಬಾಣಂತನಕ್ಕೆ ಅತ್ತೆ ನಮ್ಮ ಮನೆಗೇ ಬಂದರು. ಹೆಸರಿನ ವಿಷಯದಲ್ಲಿ ಅವರದೊಂದು ಕ್ರಮ ಇತ್ತು. ಹೆಸರನ್ನು ಕಾಗದದ ಮೇಲೆ ಬರೆದು ನೋಡಬಾರದು, ಊಟಕ್ಕೆ ಕರೆದು ನೋಡಬೇಕು. ದನಿ ಎತ್ತಿ ಕೂಗಿದಾಗ ಬಾಯಿಗೆ ಹಿತವಾದರೆ ಅದು ಹೆಸರು, ಇಲ್ಲದಿದ್ದರೆ ಅಲ್ಲ.

ಒಂದು ಸಂಜೆ ಹೆಂಡತಿ ಮಗುವನ್ನು ತಟ್ಟುತ್ತಾ, “ರೀ, ಫಿಲೋಮಿನಾ ಹೆಂಗೈತೆ? ಒಂದ್ಸಲ ಕರೆದು ನೋಡ್ರಿ,” ಅಂದಳು. ದನಿಯಲ್ಲಿ ಏನೋ ಮಮತೆ ಇತ್ತು. ಸಂತರ ಕ್ಯಾಲೆಂಡರು ನೋಡಿ ಹೇಳಿದ್ದಾಳೆ ಎಂದುಕೊಂಡೆ. ಮನೆಯೊಳಗೆ ಕೂಗಿದರೆ ಮಗು ಏಳುತ್ತದೆ. ಮಾಳಿಗೆ ಹತ್ತಿದೆ, ಗಂಟಲು ಸರಿಮಾಡಿಕೊಂಡು ಪೂರಾ ಪ್ರೀತಿಯಿಂದ ಕೂಗಿದೆ: “ಫಿಲೋಮಿನಾ! ಊಟಕ್ಕೆ ಬಾರೇ!”

ಹಿತವಾಗಿತ್ತು. ಇನ್ನೊಂದು ಸಲ ಕೂಗಿದೆ. ರಾಗ ಸ್ವಲ್ಪ ಉದ್ದ ಮಾಡಿ ಮತ್ತೊಂದು ಸಲ.

ನಮ್ಮ ಮಾಳಿಗೆಯ ಎದುರಿಗಿರುವುದು ನಮ್ಮ ಕಾಲೇಜಿನದೇ ಹುಡುಗಿಯರ ಹಾಸ್ಟೆಲ್. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಕೊನೆಗೆ ಗೇಟು ತೆರೆಯಿತು. ವಾರ್ಡನ್ ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

“ಸಾರ್, ನಮ್ಮಲ್ಲಿ ಫಿಲೋಮಿನಾ ಅನ್ನೋರು ಯಾರೂ ಇಲ್ರಿ. ಇದ್ರೂ ಅವ್ರ ಊಟ ನಾವೇ ಹಾಕ್ತೀವಿ. ನೀವು ಕೆಳಗಿಳೀರಿ.”

‘ಮಗಳನ್ನು ಕರೆದೆ’ ಅನ್ನೋಣವೆಂದರೆ ಮಗಳಿಗೆ ಇನ್ನೂ ಕತ್ತೇ ನಿಂತಿಲ್ಲ. ಇಳಿದು ಬಂದವನು ನಡುಮನೆಯಲ್ಲಿ ನಿಂತು ಘೋಷಿಸಿದೆ: “ಆ ಹೆಸರೊಂದು ಈ ಮನೆಯ ಹೊಸಿಲು ದಾಟಕೂಡದು! ಅಂಥ ದರಿದ್ರ ಹೆಸರು ನಾನು ಕೇಳಿಲ್ಲ!”

ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದ ಅತ್ತೆ ಒಲೆ ಆರಿಸಿದರು. ಹೆಂಡತಿ ಎದ್ದು ಕೋಣೆಗೆ ಹೋದಳು. ಬೆಳಿಗ್ಗೆ ಅತ್ತೆ, “ಮನೇಲಿ ಕೋಳಿ ಅದಾವು, ನೋಡ್ಕೊಳ್ಳೋರಿಲ್ಲ,” ಎಂದು ಚೀಲ ಹಿಡಿದು ಹರಿಹರದ ಬಸ್ಸು ಹತ್ತಿದರು. ಅಷ್ಟು ದಿನ ಆ ಕೋಳಿಗಳನ್ನು ನೋಡಿಕೊಳ್ಳುತ್ತಿದ್ದವರು ಯಾರು ಎಂದು ಕೇಳುವ ಬುದ್ಧಿಯೂ ನನಗೆ ಬರಲಿಲ್ಲ.

ಹಾಜರಿ

ಮಾರನೇ ದಿನ ಕ್ಲಾಸಿನಲ್ಲಿ ಹಾಜರಿ ಕರೆದೆ. ಕರೆದು ಮುಗಿಸಿ ಪುಸ್ತಕ ಮುಚ್ಚಿದಾಗ ಹಿಂದಿನ ಬೆಂಚಿನಿಂದ ವಿನಯವಾದ ಒಂದು ದನಿ ಬಂತು: “ಸಾರ್, ಫಿಲೋಮಿನಾದು ಊಟ ಆಯ್ತ್ರಿ.”

ಆ ದಿನದ ಪಾಠದ ವಿಷಯ ಗುಡ್‌ವಿಲ್, ಅಂದರೆ ವ್ಯಾಪಾರಿ ಗಳಿಸಿದ ಒಳ್ಳೆಯ ಹೆಸರಿನ ಮೌಲ್ಯಮಾಪನ. ನನ್ನದು ಸೊನ್ನೆಗೆ ಇಳಿದಿತ್ತು.

ಊರ ಹೆಂಗಸರು

ಮನೆಯಲ್ಲಿ ಮೌನ ಶುರುವಾಗಿತ್ತು. ಯಾವ ಹೆಸರು ಹೇಳಿದರೂ ಹೆಂಡತಿ “ನಿಮ್ಮಿಷ್ಟ” ಎನ್ನುವಳು. ಮದುವೆಯಾದವರಿಗೆ ಆ ಪದದ ತೂಕ ಗೊತ್ತು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಕೆಳಗಿನ ಮನೆಯ ಓನರ್ ಅಜ್ಜಿ ಬರುತ್ತಿದ್ದರು. ಅತ್ತೆಗೆ ಫೋನು ಮಾಡಿದರೆ ‘ಕೋಳಿಗೆ ಕಾಳು ಹಾಕ್ತಾ ಇದೀನಿ’. ಬೆಳಿಗ್ಗೆಯೂ ಕಾಳು, ರಾತ್ರಿಯೂ ಕಾಳು.

ದೀಕ್ಷಾಸ್ನಾನದ ದಿನ ಗೊತ್ತುಮಾಡಲು ಭಾನುವಾರ ಹರಿಹರಕ್ಕೆ ಹೋದೆ. “ಹೆಸ್ರು ಆವತ್ತೇ ಹೇಳಿದ್ರೂ ನಡೀತದೆ, ಆದ್ರೆ ಮೊಬೈಲ್ ಮನೇಲಿ ಬಿಟ್ಟು ಬಾ,” ಎಂದರು ಫಾದರ್. ಪೂಜೆ ಮುಗಿದು ಜನ ಚರ್ಚಿನ ಅಂಗಳದಲ್ಲಿ ನಿಂತಿದ್ದರು. ರೋಸಮ್ಮ ಎಂಬ ಹೆಸರು ನನ್ನ ತಲೆಯಲ್ಲಿತ್ತು. ಇಲ್ಲಿ ಹಾಸ್ಟೆಲ್ ಇಲ್ಲ ಎಂಬ ಧೈರ್ಯದಿಂದ ಬೇವಿನ ಮರದ ಕೆಳಗೆ ನಿಂತು, “ರೋಸಮ್ಮಾ!” ಎಂದು ಕೂಗಿಯೇ ಬಿಟ್ಟೆ.

ಅಂಗಳದಲ್ಲಿದ್ದ ಅಜ್ಜಿಯರಲ್ಲಿ ಅರ್ಧ ಜನ ತಿರುಗಿ ನೋಡಿದರು. ಆಮೇಲೆ ನಡೆದು ಬಂದರು. ಒಬ್ಬರಿಗೆ ಕೋಲು, ಒಬ್ಬರಿಗೆ ಮೊಮ್ಮಗನ ಕೈ ಆಸರೆ. “ಯಾಕಪ್ಪ ಕರೆದಿ?”

“ಏನಿಲ್ಲ, ಮಗುವಿಗೆ ಹೆಸರು… ಸುಮ್ಮನೆ ಕೂಗಿ ನೋಡಿದೆ.”

ಅಷ್ಟೇ ಸಾಕಾಯಿತು. ಯಾರ ಹೆಸರು ಇಡುತ್ತೇವೋ ಅವರೇ ಮಗುವಿನ ಜ್ಞಾನತಾಯಿಯಾಗಿ ಎತ್ತಿಕೊಂಡು ನಿಲ್ಲುವುದು ಅಲ್ಲಿಯ ರೂಢಿ. “ನನ್ನ ಹೆಸ್ರು ಇಡ್ತಾನಂತೆ!” ಎಂದು ಒಬ್ಬರು ಕಣ್ಣೀರು ಒರೆಸಿಕೊಂಡರು. “ನಿನ್ದಲ್ಲ, ನನ್ನ ಕಡೆ ನೋಡಿ ಕರೆದ,” ಎಂದರು ಇನ್ನೊಬ್ಬರು. ಮೂರನೆಯವರು ಬೆಳ್ಳಿ ಕಾಲ್ಗೆಜ್ಜೆಗೆ ಮಗುವಿನ ಕಾಲಿನ ಅಳತೆ ಕೇಳಿದರು. ಜಗಳ ಏರಿ, ಯಾರೋ ಯಾರದೋ ಮದುವೆಯ ಹಳೆಯ ವಿಷಯ ಎತ್ತಿದರು.

ಗದ್ದಲ ಕೇಳಿ ಅತ್ತೆ ಚರ್ಚಿನ ಬಾಗಿಲಿಗೆ ಬಂದು ನಿಂತಿದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡು ನನಗೆ ಕೇಳುವ ಹಾಗೆ ಹೇಳಿದರು: “ಊರ ಹೆಂಗಸ್ರ ಹೆಸ್ರೆಲ್ಲ ಕೂಗಿ ಆಯ್ತಾ ಅಳಿಯಂದ್ರೇ? ಮನೇಲಿರೋರು ಒಬ್ರು ಉಳಿದ್ರು ನೋಡ್ರಿ.”

ನಾನು ಕಾಲ್ಗೆಜ್ಜೆಯ ಅಜ್ಜಿಗೆ ಕೈಮುಗಿದು ಹಿಂದಿನ ಗೇಟಿನಿಂದ ಹೊರಬಿದ್ದೆ. ಆ ಅಂಗಳದಲ್ಲಿ ಆಗ್ನೆಸ್ ಎಂಬವರು ಒಬ್ಬರೂ ಇಲ್ಲ ಎಂದು ವಿಚಾರಿಸಿ ತಿಳಿದುಕೊಂಡು, ಮಗಳಿಗೆ ಆಗ್ನೆಸ್ ಎಂದೇ ನಿಶ್ಚಯಿಸಿದೆ. ಹೆಂಡತಿ “ನಿಮ್ಮಿಷ್ಟ” ಅಂದಳು.

ಮಂಡಕ್ಕಿ ತಟ್ಟೆ

ದೀಕ್ಷಾಸ್ನಾನದ ಹಿಂದಿನ ಸಂಜೆ ಓನರ್ ಅಜ್ಜಿ ಒಂದು ತಟ್ಟೆ ಮಂಡಕ್ಕಿ ಹಿಡಿದುಕೊಂಡು ಮೇಲೆ ಬಂದರು. “ತಗೋಳ್ರಿ ಮೇಷ್ಟ್ರೇ.”

“ಬೇಡ ಅಜ್ಜಿ, ಈಗ ತಾನೇ ಕಾಫಿ ಆಯ್ತು.”

“ತಗೋಳ್ರಿ.”

“ಅಯ್ಯೋ ಬೇಡ.”

“ತಗೋಳ್ರಿ ಅಂದ್ರೆ.” ತಗೊಂಡೆ. ತಿನ್ನುತ್ತಾ ಕಷ್ಟ ಹೇಳಿಕೊಂಡೆ. ಅತ್ತೆಯ ಹೆಸರಿಡಬೇಕೆಂದು ನಮ್ಮಲ್ಲಿ ಪದ್ಧತಿ ಇದೆ, ಕೇಳಿದೆ, ಅವರೇ ಬೇಡವೆಂದರು, ಈಗ ಯಾಕೋ ಮುನಿಸಿಕೊಂಡಿದ್ದಾರೆ.

ಅಜ್ಜಿ ಹಣೆಯ ವಿಭೂತಿ ಅಳಿಸುವ ಹಾಗೆ ಹಣೆ ಚಚ್ಚಿಕೊಂಡರು. “ಎಷ್ಟ್ ಸಲ ಕೇಳಿದ್ರಿ?”

“ಒಂದು ಸಲ.”

“ಒಂದ್ ಸಲ! ಒಂದು ತಟ್ಟೆ ಮಂಡಕ್ಕಿಗೆ ನಿಮ್ಗೆ ಮೂರು ಸಲ ಹೇಳ್ಬೇಕು. ಆ ಹೆಣ್ಮಗಳ ಹೆಸ್ರು ಮಂಡಕ್ಕಿಗಿಂತ ಕಡೆ ಆಯ್ತೇನ್ರಿ? ಮೊದಲ್ನೇ ಬ್ಯಾಡ ಅನ್ನೋದು ಮರ್ಯಾದಿಗೆ ಹೇಳೋದು. ಎರಡ್ನೇದು, ನಿಮ್ಗೆ ಖರೇ ಮನಸೈತಾ ಅಂತ ನೋಡಾಕ. ಮೂರ್ನೇ ಸಲ ಕೇಳಿದ್ರೆ ಒಪ್ಕೊಳ್ಳೋದು.”

ತಟ್ಟೆ ಕೆಳಗಿಟ್ಟೆ. ಕುಲಾವಿಯ ದಾರ ನೆನಪಾಯಿತು. ನಾಚಿಕೆ ಎಂದರೆ ಹಾಸ್ಟೆಲಿನ ಕಿಟಕಿಗಳ ಮುಂದೆ ಆದದ್ದು ಎಂದುಕೊಂಡಿದ್ದೆ. ನಿಜವಾದದ್ದು ಈಗ ಆಯಿತು. ಒಂದು ಹಿರಿಯ ಜೀವ ನನ್ನ ಬಾಯಿಂದ ಇನ್ನೆರಡು ಸಲ ಕೇಳಿಸಿಕೊಳ್ಳಲು ಕಾದಿತ್ತು, ನಾನು ಬದುಕಿದೆ ಎಂದುಕೊಂಡು ಎದ್ದು ಬಂದಿದ್ದೆ.

“ಉಳಿದ ಎರಡು ಸಲ ನಾಳೆ ಕೇಳ್ತೀನಿ ಅಜ್ಜಿ.”

“ಅದು ಹಳೇದಾತ್ರಿ! ಮೊದ್ಲಿಂದ ಕೇಳ್ರಿ. ಮೂರೂ ಒಂದೇ ದಮ್ಮಿಗೆ.”

ಮೂರೂ ಒಂದೇ ದಮ್ಮಿಗೆ

ಬೆಳಿಗ್ಗೆ ಹರಿಹರದ ಮನೆಯಲ್ಲಿ ನೆಂಟರ ಸಂತೆ. ಅತ್ತೆ ಹಿತ್ತಲಲ್ಲಿ ಬಿರಿಯಾನಿಯ ಹಂಡೆಯ ಹತ್ತಿರ. ನಾನು ಅತ್ತ ಹೋದರೆ ಅವರು ಇತ್ತ. ಚರ್ಚಿನ ಗಂಟೆ ಹೊಡೆಯಿತು.

ಹೆಂಡತಿ ಬಿಳಿ ಫ್ರಾಕಿನ ಮಗುವನ್ನು ಹಿಡಿದು ನಿಂತಳು. ಮೊದಲ ಸಾಲಿನಲ್ಲಿ ಅತ್ತೆ ದೊಡ್ಡವಳ ರಿಬ್ಬನ್ನು ಬಿಚ್ಚಿ ಕಟ್ಟುತ್ತಿದ್ದರು, ಕಟ್ಟಿ ಬಿಚ್ಚುತ್ತಿದ್ದರು. ಅವರ ಹಿಂದೆ ರೋಸಮ್ಮಂದಿರ ಸಾಲು, ಎಲ್ಲರೂ ರೇಷ್ಮೆ ಸೀರೆಯಲ್ಲಿ, ಇನ್ನೂ ಆಸೆ ಬಿಟ್ಟಿರಲಿಲ್ಲ.

“ಈ ಮಗುವಿಗೆ ಯಾವ ಹೆಸರನ್ನು ಇಡಲು ಬಯಸುತ್ತೀರಿ?” ಎಂದರು ಫಾದರ್.

ಆಗ್ನೆಸ್ ಎನ್ನಲು ಬಾಯಿ ತೆರೆದವನು, “ಒಂದು ನಿಮಿಷ ಫಾದರ್,” ಎಂದು ತಿರುಗಿದೆ. “ಅತ್ತೆ, ನಿಮ್ಮ ಹೆಸರೇ ಇಡೋಣ.”

ಅತ್ತೆ ರಿಬ್ಬನ್ನಿನಿಂದ ಕಣ್ಣೆತ್ತಲಿಲ್ಲ. “ಬ್ಯಾಡ್ರಿ. ನಂದು ಯಾರಿಗೆ ಬೇಕು.”

“ನಮಗೆ ಬೇಕು ಅತ್ತೆ. ಇಡೋಣ.”

“ಬ್ಯಾಡ ಅಂದ್ನಲ್ರಿ.”

ನನ್ನ ಧೈರ್ಯ ಕುಸಿಯಿತು. ಫಾದರ್ ನೀರಿನ ಪಾತ್ರೆಯನ್ನು ಕೆಳಗಿಟ್ಟು, ಮೈಕನ್ನು ಕೈಯಿಂದ ಮುಚ್ಚಿ ಪಿಸುಗುಟ್ಟಿದರು: “ಇನ್ನೊಂದ್ ಸಲ ಕೇಳಪ್ಪ. ನಿಲ್ಲಿಸಬ್ಯಾಡ.”

“ಅತ್ತೆ, ನಿಮ್ಮ ಹೆಸರಿಲ್ಲದೆ ಮಗಳನ್ನು ಮನೆಗೆ ಕರೆದುಕೊಂಡು ಹೋಗೋದಿಲ್ಲ.”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. “ನೀವು ಇಷ್ಟೊಂದು ಹೇಳ್ತೀರಿ ಅಂದ್ಮೇಲೆ ನಂದೇನೈತೆ. ಇಡ್ರಿ.”

ಇಡೀ ಚರ್ಚು ಉಸಿರುಬಿಟ್ಟಿತು. ಎಷ್ಟೋ ದಿನಗಳ ಮೇಲೆ ಹೆಂಡತಿ ನನ್ನನ್ನು ನೋಡಿ ನಕ್ಕಳು. ಫಾದರ್ ಪಾತ್ರೆ ಎತ್ತಿಕೊಂಡರು. “ಸರಿ, ಹೆಸರು ಹೇಳಿ.”

ಎದೆಯುಬ್ಬಿಸಿ, ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದೆ: “ಬೇಬಮ್ಮ!”

ಮೊದಲು ನಕ್ಕವರು ರೋಸಮ್ಮಂದಿರು. ಆಮೇಲೆ ಗಾಯನವೃಂದದವರು, ಆಮೇಲೆ ಹಾರ್ಮೋನಿಯಂ ಮುಂದೆ ಕೂತಿದ್ದ ಸಿಸ್ಟರ್. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಫಾದರ್, “ಅದು ಓಣಿಯೋರು ಕರೆಯೋ ಹೆಸ್ರಪ್ಪ. ಅವ್ರ ದೀಕ್ಷಾಸ್ನಾನದ ಹೆಸ್ರು ಹೇಳು,” ಎಂದರು.

ನೆಲ ಬಾಯಿ ತೆರೆಯಲಿ ಎಂದು ಕಾದೆ. ತೆರೆಯಲಿಲ್ಲ. ಆರು ವರ್ಷದಿಂದ ಅವರ ಕೈಯಡುಗೆ ಉಂಡವನು, ಮುನ್ನೂರು ಜನರ ಮುಂದೆ ಕೈಮುಗಿದು ಕೇಳಿದೆ: “ಅತ್ತೆ… ನಿಮ್ಮ ಹೆಸರೇನು?”

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನಗೆ ಹೆಸರು ಗೊತ್ತಿದ್ದೂ ಅವತ್ತು ದರಿದ್ರ ಎಂದೆ ಎಂದುಕೊಂಡು ಇಷ್ಟು ದಿನ ಕೋಳಿಗೆ ಕಾಳು ಹಾಕಿದ ಹೆಂಗಸು ಅವರು. ಗೊತ್ತೇ ಇರಲಿಲ್ಲ ಎಂಬುದು ಈಗ ಅರ್ಥವಾಗಿ, ಮುಖದ ಬಿಗಿಯೆಲ್ಲ ಸಡಿಲಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ ಹೇಳಿದರು:

“ಮಾಳಿಗೆ ಮ್ಯಾಲೆ ನಿಂತು ಊಟಕ್ಕೆ ಕರೆದಿದ್ರಲ್ರಿ ಅಳಿಯಂದ್ರೇ, ಅದೇ.”

ಮಗಳು ಫಿಲೋಮಿನಾ ಆದಳು. ಅವಳಿಗೆ ಈಗ ಅನ್ನ ತಿನ್ನುವ ವಯಸ್ಸು. ಸಂಜೆ ತಟ್ಟೆ ಹಿಡಿದು ಮಾಳಿಗೆಗೆ ಹೋಗಿ, ಅಂಬೆಗಾಲಿಟ್ಟು ದೂರ ಓಡುವವಳನ್ನು “ಫಿಲೋಮಿನಾ, ಊಟಕ್ಕೆ ಬಾರೇ!” ಎಂದು ಕೂಗುತ್ತೇನೆ. ಎದುರಿನ ಹಾಸ್ಟೆಲಿನಿಂದ “ಬಂದೆ ಸಾರ್!” ಎಂದು ಹತ್ತು ದನಿ ಬರುತ್ತವೆ. ಅತ್ತೆ ಮನೆಗೆ ಬಂದಿರುವ ದಿನವಾದರೆ, ಕೆಳಗೆ ಅಡುಗೆಮನೆಯಿಂದ ಇನ್ನೊಂದು ದನಿಯೂ ಬರುತ್ತದೆ: “ನಂಗೆ ಬ್ಯಾಡ್ರಿ, ಹಸಿವಿಲ್ಲ.”

ನಾನು ಇನ್ನೆರಡು ಸಲ ಕರೆಯುತ್ತೇನೆ.